ಪುಷ್ಯದ ಮಳೆ, ಮನೆಯೊಳಗಿನ ದಿನ

ಮಲೆನಾಡಿನ ಹಳ್ಳಿಗಳಲ್ಲಿ ಮಳೆಯ ಲೆಕ್ಕ ಇವತ್ತಿಗೂ ನಕ್ಷತ್ರದ್ದು. ಜೂನ್ ಕೊನೆಗೆ ಆರಿದ್ರಾ, ಜುಲೈ ಮೊದಲಿಗೆ ಪುನರ್ವಸು, 20ರ ಸುಮಾರಿಗೆ ಪುಷ್ಯ, ಆಗಸ್ಟ್ ಹೊಕ್ಕರೆ ಆಶ್ಲೇಷ. ಒಂದೊಂದರ ಪಾಲಿಗೂ 13–14 ದಿನ. ಇವುಗಳಲ್ಲಿ ಮನೆಯೊಳಗೆ ಸುಮ್ಮನೆ ಕೂತು ಅನುಭವಿಸುವುದಕ್ಕೆ ಪುಷ್ಯದಂಥ ಮಳೆ ಇನ್ನೊಂದಿಲ್ಲ ಎಂದೇ ನನ್ನ ಪಕ್ಷ. ಆರಿದ್ರೆಯಲ್ಲಿ ಧಾವಂತ ಇನ್ನೂ ಮುಗಿದಿರುವುದಿಲ್ಲ. ಸೌದೆ ಒಳಗೆ ಸೇರಿತೇ, ಹಂಚು ಸರಿಸಿ ಕೂರಿಸಿದ್ದಾಯಿತೇ ಎಂಬ ಚಿಂತೆ. ಪುಷ್ಯದ ಹೊತ್ತಿಗೆ ಅಂಗಳ ಹಾವಸೆಗಟ್ಟಿರುತ್ತದೆ, ಬಾವಿಯ ನೀರು ಕೈಗೆಟಕುವಷ್ಟು ಮೇಲೆ ಬಂದಿರುತ್ತದೆ, ಮಳೆ ಹಿಡಿಯಿತೆಂದರೆ ಹಗಲು ರಾತ್ರಿಯ ಗೊಡವೆ ಇಲ್ಲದೆ ಹೊಯ್ಯುತ್ತದೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಕಾಣುವ ಆಗುಂಬೆಯ ಸುತ್ತಮುತ್ತ ಇಂಥ ದಿನ ಯಾರೂ ಯಾರನ್ನೂ 'ಯಾಕೆ ಸುಮ್ಮನೆ ಕೂತೆ' ಎಂದು ಕೇಳುವುದಿಲ್ಲ.

ಅಡಿಕೆ ತೋಟದವರಿಗೆ ಈ ಬಿಡುವು ದುಡಿದು ಸಂಪಾದಿಸಿದ್ದು. ಕೊಳೆರೋಗ ಬಾರದಿರಲೆಂದು ಮಳೆ ಜೋರಾಗುವ ಮೊದಲೇ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆದಾಗಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಶತಮಾನದ ಹಿಂದೆ ಕೊಳೆರೋಗದ ಬೆನ್ನು ಹತ್ತಿ ಈ ಸಿಂಪಡಣೆಯನ್ನು ರೂಢಿಗೆ ತಂದರು; ಇಂದಿಗೂ ತೋಟಗಳನ್ನು ಕಾಯುತ್ತಿರುವುದು ಅದೇ. ಎರಡನೆಯ ಸಿಂಪಡಣೆಗೆ 40–45 ದಿನ ಅಂತರ. ಅದರ ನಡುವೆ ಮಳೆ ಬಿಡದೆ ಹಿಡಿದರೆ ಮರ ಜಾರುತ್ತದೆ, ಹತ್ತುವ ಮಾತೇ ಇಲ್ಲ. ಆಗ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತವನ ಆಲಸ್ಯದಲ್ಲಿ ಅಳುಕಿನ ಲವಲೇಶವೂ ಇರುವುದಿಲ್ಲ. ಮಳೆಯ ದಿನದ ಮೊದಲ ರುಚಿ ಇದು.

ಎರಡನೆಯದು ಸದ್ದು. ಅದಕ್ಕೆ ಹಂಚಿನ ಮಾಡೇ ಆಗಬೇಕು. ತಾರಸಿ ಮನೆಯಲ್ಲಿ ಮಳೆಯನ್ನು ಕಿಟಕಿಯಿಂದ ನೋಡಬಹುದು, ಕೇಳುವುದು ಕಷ್ಟ. ತಗಡಿನ ಕೆಳಗೆ ಪಕ್ಕದವರ ಮಾತೂ ಕೇಳಿಸದು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದಾಗ ಮಾಡು ಸೋರಬಾರದೆಂಬ ಗುರಿಯೇ ಇದ್ದೀತು. ನಮಗೆ ಮಾತ್ರ ಅದರೊಟ್ಟಿಗೆ ಒಂದು ವಾದ್ಯವೂ ಸಿಕ್ಕಿತು. ಸುಟ್ಟ ಮಣ್ಣು ಹನಿಯ ಚೂಪನ್ನು ಹೀರಿಕೊಂಡು ಮೆತ್ತಗಿನ ಮೊರೆತವನ್ನಷ್ಟೇ ಒಳಗೆ ಬಿಡುತ್ತದೆ. ಕಿವಿ ಪಳಗಿದರೆ ಅದರಲ್ಲಿ ಪದರಗಳು ಬಿಡಿಸಿಕೊಳ್ಳುತ್ತವೆ: ಮಾಡಿನ ಮೇಲೆ ಒಂದೇ ಸಮ ಕೇಳುವ ಶ್ರುತಿ, ಅಡಿಕೆ ದಬ್ಬೆಯಿಂದ ಅಂಗಳಕ್ಕೆ ಧುಮುಕುವ ನೀರಿನ ದಪ್ಪ ದನಿ, ಬಾಳೆ ಎಲೆಯ ಮೇಲಿನ ಪಟಪಟ, ದೂರದಲ್ಲಿ ಹಳ್ಳದ ಭೋರ್ಗರೆತ. ಗಾಳಿ ಬಂದಾಗ ಇವೆಲ್ಲ ಒಮ್ಮೆ ಕಲಸಿಹೋಗಿ ಮತ್ತೆ ಬೇರೆ ಬೇರೆಯಾಗುತ್ತವೆ. ನಡುಮನೆಯಲ್ಲಿ ಅಂಗಾತ ಮಲಗಿ ಗಾಜಿನ ಹಂಚಿನತ್ತ ನೋಡುತ್ತಿದ್ದರೆ ಮಳೆ ಬಿರುಸಾಗುವ ಮುಂಚೆ ಆ ಚೌಕದ ಬೆಳಕು ಬಿಳಿಯಿಂದ ಬೂದಿಗೆ, ಬೂದಿಯಿಂದ ಹಸಿರುಗಪ್ಪಿಗೆ ತಿರುಗುತ್ತದೆ. ಕಿವಿಗೆ ಸುದ್ದಿ ಮುಟ್ಟುವ ಮೊದಲೇ ಕಣ್ಣಿಗೆ ಗೊತ್ತಾಗಿರುತ್ತದೆ.

ಇನ್ನು ಹಪ್ಪಳ. ಇದರ ಬಗ್ಗೆ ಸಾವಕಾಶವಾಗಿಯೇ ಹೇಳಬೇಕು, ಏಕೆಂದರೆ ಪುಷ್ಯದ ಮಧ್ಯಾಹ್ನ ನಾಲ್ಕು ಗಂಟೆಗೆ ತಿನ್ನುವ ಹಲಸಿನ ಹಪ್ಪಳದಲ್ಲಿ ಏಪ್ರಿಲ್–ಮೇ ತಿಂಗಳ ಅಷ್ಟೂ ಬಿಸಿಲು ಕೂತಿರುತ್ತದೆ. ಬಲಿತರೂ ಹಣ್ಣಾಗದ ಹಲಸಿನ ಕಾಯಿ ತಂದು, ಕೈಗೆ ಎಣ್ಣೆ ಸವರಿ ತೊಳೆ ಬಿಡಿಸಿ, ಉಗಿಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಉಪ್ಪು, ಮೆಣಸಿನಕಾಯಿ, ಜೀರಿಗೆ ಹಾಕಿ ಒರಳಲ್ಲಿ ಕುಟ್ಟಿ, ಉಂಡೆ ಮಾಡಿ ಒತ್ತಿ, ಚಾಪೆಯ ಮೇಲೆ ಹರವಿ, ಕಾಗೆ ಕಾಯಲು ಮಕ್ಕಳನ್ನು ಕೂರಿಸಿ ಒಣಗಿಸಿದ್ದು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಅದು ಇಷ್ಟು ದಿನ ಕಾದಿರುತ್ತದೆ. ಎಣ್ಣೆಯಲ್ಲಿ ಕರಿದರೆ ರುಚಿಯೇ, ಸಂಶಯವಿಲ್ಲ. ಆದರೆ ಮಳೆಗೆ ಒಪ್ಪುವುದು ಕೆಂಡದ ಮೇಲೆ ಸುಟ್ಟದ್ದು. ಬಚ್ಚಲೊಲೆಯ ಬಾಯಿಗೆ ಒಂದಿಷ್ಟು ಕೆಂಡ ಎಳೆದು ಹಪ್ಪಳ ಇಟ್ಟರೆ ಮೊದಲು ಅಂಚು ಮೇಲೆದ್ದು ಮುದುಡುತ್ತದೆ. ಮೈಮೇಲೆ ಸಾಸಿವೆ ಗಾತ್ರದ ಗುಳ್ಳೆಗಳೇಳುತ್ತವೆ. ಜೇನು ಬಣ್ಣ ಹೋಗಿ ಮಾಸಲು ಬಿಳುಪು ಹರಡುತ್ತದೆ. ಅದು ನಡುವಿಗೆ ತಲುಪುವಷ್ಟರಲ್ಲಿ ಮಗುಚಬೇಕು. ಒಂದು ಕ್ಷಣ ತಡವಾದರೂ ಕಪ್ಪು. ಅಂಚಿನಲ್ಲಿ ಉಗುರಿನಷ್ಟು ಕರಿ ಹತ್ತಿರಬೇಕು, ಆ ಕಹಿ ಇಲ್ಲದಿದ್ದರೆ ಹಲಸಿನ ಸಿಹಿ ಮೇಲೆ ಬರುವುದಿಲ್ಲ. ಬೂದಿ ಕೊಡವಿ, ಕೊಬ್ಬರಿ ಎಣ್ಣೆ ಒಂದು ಬೆರಳು ಸವರಿ, ಕಾಯಿಚೂರಿನ ಜೊತೆ ಕಚ್ಚಬೇಕು. ಹಪ್ಪಳ ಪುಡಿಯಾಗಿ ಕರಗಿದ ಮೇಲೂ ಕಾಯಿಚೂರು ಬಾಯಲ್ಲಿ ಉಳಿದು ಹಾಲು ಬಿಡುತ್ತಿರುತ್ತದೆ. ಜೊತೆಗೆ ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಪುಡಿಮಾಡಿದ ಕಷಾಯ, ಹಾಲು ಬೆಲ್ಲ ಹಾಕಿದ್ದು. ಕಾಫಿಯ ಮೇಲೆ ನನಗೆ ಪ್ರೀತಿ ಕಡಿಮೆಯೇನಲ್ಲ, ಆದರೂ ಸುಟ್ಟ ಹಪ್ಪಳದ ಹೊಗೆಗೆ ಸರಿಜೋಡಿ ಕಷಾಯವೇ.

ಪುಷ್ಯದಲ್ಲಿ ತಿನ್ನುವುದಕ್ಕೆ ಬೇರೆಯೂ ಇದೆ. ಮರದ ಪೊಟರೆಗಳಲ್ಲಿ ಈ ಕಾಲಕ್ಕಷ್ಟೇ ಏಳುವ ಮರಕೆಸುವಿನ ಪತ್ರೊಡೆ, ದಿನ ದಿನ ನೀರು ಬದಲಿಸಿ ನಂಜು ತೆಗೆದ ಕಳಲೆ. ಆದರೆ ಅವೆಲ್ಲ ಕೆಲಸದ ಅಡುಗೆ. ಕೆಸುವಿನ ತುರಿಕೆ ಅಡಗಿಸಲು ಹುಣಸೆಹುಳಿ ಸೇರಿಸಿ ಹಿಟ್ಟು ರುಬ್ಬಬೇಕು, ಎಲೆಯ ನರ ಹೆರೆಯಬೇಕು, ಸುತ್ತಿ ಬೇಯಿಸಬೇಕು. ಜಗಲಿಯಲ್ಲಿ ಒಬ್ಬರ ಆಲಸ್ಯಕ್ಕೆ ಅಡುಗೆಮನೆಯಲ್ಲಿ ಇನ್ನೊಬ್ಬರು ಬೆಳಗಿನಿಂದ ಬೇಯುವುದಾದರೆ ಆ ದಿನದ ಸುಖ ಅರ್ಧಕ್ಕೇ ನಿಂತಿತು ಎಂದು ನಾನು ತಿಳಿದಿದ್ದೇನೆ. ಇಂಥ ದಿನಕ್ಕೆ ಕುಚ್ಚಲಕ್ಕಿ ಗಂಜಿ, ಮೇಲೊಂದು ಚಮಚ ತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ, ಅಷ್ಟು ಸಾಕು. ಗಂಜಿ ತನ್ನಷ್ಟಕ್ಕೆ ಬೇಯುತ್ತದೆ, ಇಟ್ಟವರೂ ಬಂದು ಜಗಲಿಯಲ್ಲಿ ಕಾಲು ಚಾಚಬಹುದು. ಮಿಡಿ ಕಚ್ಚಿದಾಗ ಅದರ ಸೊನೆಯ ಪರಿಮಳ ಮೂಗಿಗೇರುತ್ತದಲ್ಲ, ಅದೂ ಬೇಸಿಗೆಯದೇ, ಮಾರ್ಚಿನಲ್ಲಿ ಹೊಳೆಯಂಚಿನ ಮರದಿಂದ ಇಳಿದದ್ದು. ಕೊಟ್ಟಿಗೆಯ ಕೆಲಸವನ್ನು ಮಾತ್ರ ಮಳೆ ಮನ್ನಾ ಮಾಡುವುದಿಲ್ಲ. ಮನೆಯವರೆಲ್ಲ ಸರದಿ ಹಂಚಿಕೊಂಡರೆ ಅದೂ ಬೇಗ ಹರಿಯುತ್ತದೆ.

ಊಟವಾದ ಮೇಲೆ ನಿದ್ದೆ, ಇಲ್ಲವೇ ಓದು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಎಷ್ಟನೆಯ ಪುಟದಲ್ಲಿ ತೆರೆದರೂ ಒಳಗೆ ಬಿಟ್ಟುಕೊಳ್ಳುತ್ತದೆ. ಹೊರಗಿನ ಮಳೆಯೂ ಕಾದಂಬರಿಯ ಕಾಡೂ ಒಂದೇ ಸೀಮೆಯವು. ಕರೆಂಟು ಹೋಗಿದ್ದರೂ ಮೊಬೈಲಿನಲ್ಲಿ ಚಾರ್ಜು ಉಳಿದಿದ್ದರೆ ಭೀಮಸೇನ ಜೋಶಿಯವರ ಮಿಯಾ ಮಲ್ಹಾರ ಹಾಕಬೇಕು. ಆ ರಾಗದಲ್ಲಿ ಕೋಮಲ ನಿಷಾದ, ಶುದ್ಧ ನಿಷಾದ ಎರಡೂ ಅಕ್ಕಪಕ್ಕ ಬರುತ್ತವೆ. ಮಂದ್ರದಲ್ಲಿ ಅವರು ಒಂದರ ಮೇಲೆ ತೂಗಿ ನಿಂತು, ಇನ್ನೊಂದಕ್ಕೆ ಸರಿದು, ಷಡ್ಜಕ್ಕೆ ಬರುವುದನ್ನು ತಡಮಾಡುತ್ತಾರೆ. ವಿಲಂಬಿತದ ಆ ತಡಮಾಡುವಿಕೆ ಹಾಲ್‌ನ ಕುರ್ಚಿಯಲ್ಲಿ ಕೂತಾಗ ನನಗೆ ದೀರ್ಘವೆನಿಸಿದ್ದುಂಟು. ಎಲ್ಲಿಗೂ ಹೋಗಬೇಕಿಲ್ಲದ ದಿನ ಕೇಳಿದಾಗ ಪ್ರತಿ ನಿಲುಗಡೆಯೂ ಅಷ್ಟೇ ಉದ್ದವಿರಬೇಕು ಅನ್ನಿಸುತ್ತದೆ.

ಸಂಜೆಗೆ ಸ್ನಾನ. ಬೆಳಗಿನಿಂದ ಕುಂಟೆ ಉರಿಯುತ್ತಲೇ ಇದ್ದು ಹಂಡೆಯ ನೀರು ಹದ ಮೀರಿ ಕಾದಿರುತ್ತದೆ. ಒಲೆಯ ಮೇಲಿನ ಹಗ್ಗದಲ್ಲಿ ಒದ್ದೆ ಬಟ್ಟೆಗಳು ಹೊಗೆ ಹೀರುತ್ತ ಒಣಗುತ್ತಿರುತ್ತವೆ. ಮಳೆಗಾಲ ಮುಗಿಯುವವರೆಗೂ ಮನೆಮಂದಿಯೆಲ್ಲ ಅದೇ ವಾಸನೆಯವರು. ಮಾಡಿನ ಸಂದಿಯಿಂದ ತಣ್ಣನೆಯ ಗಾಳಿ ಬೆನ್ನಿಗೆ ಬೀಸುತ್ತಿರುವಾಗ ಮೊದಲ ಚೊಂಬು ತಲೆಯ ಮೇಲೆ ಬಿದ್ದರೆ ಬಾಯಿಂದ ತಾನಾಗಿ ಉದ್ಗಾರ ಹೊರಡುತ್ತದೆ. ಮೈಯಿಂದ ಹಬೆ ಏಳುವವರೆಗೆ ಮೀಯಬೇಕು. ನೀರಿಗೆ ಬರವಿಲ್ಲ, ಸೌದೆ ಒಟ್ಟಿದೆ, ಹೊರಗೆ ಕಾಯುತ್ತಿರುವವರಿಗೂ ಆತುರವಿಲ್ಲ.