ಶೈತ್ಯಚಿಕಿತ್ಸೆ ಮತ್ತು ಸಂಗ್ರಹಾಲಯ: ಒಂದು ಪರಾಮರ್ಶೆ

ಪರೇಲಿನ ಬಾರಾದೇವಿ ದೇವಾಲಯದಲ್ಲಿ ಮೂರು ಮೀಟರಿಗೂ ಮಿಕ್ಕ ಎತ್ತರದ ಒಂದು ಶಿವಶಿಲ್ಪವಿದೆ. ಒಂದು ಮೂರ್ತಿಯಿಂದ ಇನ್ನೊಂದು ಕವಲೊಡೆದು ಏಳು ರೂಪಗಳಾಗಿ ಹಬ್ಬಿದ ಆ ಶಿಲ್ಪವು 1931ರಲ್ಲಿ ರಸ್ತೆಗಾಗಿ ನೆಲವನ್ನು ಅಗೆದಾಗ ದೊರೆಯಿತು. ವಿದ್ವಾಂಸರು ಅದನ್ನು ಕ್ರಿ. ಶ. ಐದು-ಆರನೆಯ ಶತಮಾನಗಳ ಕಾಲಕ್ಕೆ ಸೇರಿಸುತ್ತಾರೆ. ಎಷ್ಟು ಕಾಲ ಮಣ್ಣಿನಲ್ಲಿ ಹೂತುಹೋಗಿದ್ದರೂ ಅದು ಮುಖ ಮುಕ್ಕಾಗದೆ ಎದ್ದುಬಂದಿತು. ಏಕೆಂದರೆ ಕಲ್ಲಿಗೆ ಹುಳು ಹಿಡಿಯುವುದಿಲ್ಲ. ಅದೇ ಕಾಲದಲ್ಲಿ ಇದೇ ಕರಾವಳಿಯಲ್ಲಿ ಮರದಿಂದ, ಬಟ್ಟೆಯಿಂದ, ಓಲೆಯಿಂದ ನಿರ್ಮಿತವಾದುದು ಈಗೆಲ್ಲಿ ಎಂದು ಕೇಳಿದರೆ ಉತ್ತರವಿಲ್ಲ. ಪ್ರಾಚೀನ ಭಾರತವೆಂದರೆ ಶಿಲೆಯ ಭಾರತ ಎಂಬ ಭ್ರಮೆ ಹುಟ್ಟಿರುವುದಕ್ಕೆ ಗೆದ್ದಲೂ ಕುಟ್ಟೆಯೂ ಒಂದು ಕಾರಣವೆಂಬುದನ್ನು ಇತಿಹಾಸಕಾರರು ಬಹುಮಟ್ಟಿಗೆ ಮರೆತಿದ್ದಾರೆ.

ಇತ್ತೀಚಿನ ದಶಕಗಳಲ್ಲಿ ಸಂಗ್ರಹಾಲಯಗಳು ಈ ಶತ್ರುವಿನ ವಿರುದ್ಧ ಅತಿಶೈತ್ಯವನ್ನು ಆಯುಧವಾಗಿ ಹಿಡಿದಿವೆ. ಹುಳು ಬಿದ್ದ ವಸ್ತುವನ್ನು ಹೆಪ್ಪುಗಟ್ಟಿಸುವ ಚಳಿಯಲ್ಲಿಟ್ಟು, ವಿಷವನ್ನು ಸೋಂಕಿಸದೆ, ಹುಳುವನ್ನಷ್ಟೇ ಕೊಲ್ಲುವ ಕ್ರಮವಿದು. ಇದನ್ನು ಕೊಂಡಾಡುವವರು ಹಲವರು. ಆದರೆ ಮುಂಬಯಿಯಂತಹ ಕಡಲ ತಡಿಯ ಊರಿಗೆ ಇದು ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಸಾಧಕ ಬಾಧಕಗಳೊಡನೆ ವಿಚಾರಿಸಬೇಕಾಗಿದೆ.

ಮೊದಲು ಹಾನಿಯ ಸ್ವರೂಪವನ್ನು ನೋಡಬೇಕು. ಗ್ರಂಥಸಂಪಾದನೆ ಮಾಡಿದವರಿಗೆ ಹುಳುವಿನ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ. ಅಚ್ಚಾದ ಪುಸ್ತಕದಲ್ಲಿ ಪದ್ಯದ ನಡುವೆ ಬರುವ ಚುಕ್ಕಿಗಳ ಸಾಲು ಎಷ್ಟೋ ವೇಳೆ ಒಂದು ಮರಿಹುಳು ಕೊರೆದ ಸುರಂಗದ ನಕ್ಷೆಯೇ ಆಗಿರುತ್ತದೆ. ಲಿಪಿಕಾರನ ತಪ್ಪನ್ನು ಇನ್ನೊಂದು ಪ್ರತಿಯಿಂದ ತಿದ್ದಬಹುದು. ಪ್ರತಿ ಒಂದೇ ಇರುವಲ್ಲಿ ಹುಳು ತಿಂದ ಅಕ್ಷರವನ್ನು ಯಾವ ಪಾಂಡಿತ್ಯವೂ ಮರಳಿ ತರಲಾರದು. ವೀರಸೇನನ ಧವಲಾ ಟೀಕೆಯು ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯಲ್ಲಿ, ಹಳಗನ್ನಡ ಲಿಪಿಯ ಓಲೆಗಳಲ್ಲಿ ಉಳಿದುಬಂದಿತು. ಅದರ ಮೊದಲ ಸಂಪುಟ ಅಚ್ಚಾದುದು 1939ರಲ್ಲಿ. ಒಂದು ಸಂಪ್ರದಾಯದ ಶಾಸ್ತ್ರವೆಲ್ಲ ಒಂದೂರಿನ ಕೆಲವು ಕಟ್ಟುಗಳನ್ನು ನೆಚ್ಚಿಕೊಂಡು ಬದುಕಿತ್ತು ಎಂಬುದನ್ನು ನೆನೆದರೆ, ಕೀಟನಿವಾರಣೆಯು ಕೇವಲ ಉಗ್ರಾಣದ ಜಾಡಮಾಲಿಯ ಕೆಲಸವಲ್ಲವೆಂಬುದು ಮನವರಿಕೆಯಾಗುತ್ತದೆ.

ಹಿಂದಿನವರು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿರಲಿಲ್ಲ. ಕಟ್ಟಿನ ನಡುವೆ ಬಜೆಯ ತುಂಡು, ಬೇವಿನ ಎಲೆ, ಅರಿಸಿನ. ಓಲೆಗೆ ಮಜ್ಜಿಗೆಹುಲ್ಲಿನ ಎಣ್ಣೆ. ಎರಡು ಹಲಗೆಗಳ ನಡುವೆ ಬಿಗಿದು ಬಟ್ಟೆಯಲ್ಲಿ ಸುತ್ತುವ ಪದ್ಧತಿ. ವರ್ಷಕ್ಕೊಮ್ಮೆ ಹೊರತೆಗೆದು ಬಿಚ್ಚಿ ನೋಡುವ ವಾಡಿಕೆ. ಗ್ರಂಥದ ಕೊನೆಯಲ್ಲಿ ಲಿಪಿಕಾರನು ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ, ಮೂರ್ಖನ ಕೈಯಿಂದ ಇದನ್ನು ಕಾಪಾಡಿರೆಂದು ಬೇಡುವುದುಂಟು. ಸಡಿಲವಾದ ಕಟ್ಟನ್ನು ಅಪಾಯಗಳಲ್ಲಿ ಒಂದೆಂದು ಎಣಿಸಿದುದು ಸೂಕ್ಷ್ಮವಾದ ಅನುಭವದ ಮಾತು. ಓಲೆ ಓಲೆಗಳ ನಡುವೆ ಎಡೆ ದೊರೆತರೆ ಧೂಳು, ತೇವ, ಹುಳು ಮೂರೂ ಒಳಹೊಗುತ್ತವೆ. ಆದರೆ ಈ ಉಪಾಯಗಳು ಹುಳುವನ್ನು ದೂರವಿಡುತ್ತವೆಯೇ ಹೊರತು ಓಲೆಯ ಒಳಗೆ ಈಗಾಗಲೇ ನೆಲೆಸಿದ ಮರಿಯನ್ನು ಕೊಲ್ಲುವ ಶಕ್ತಿ ಅವಕ್ಕೆ ಸಾಲದು.

ಆ ಕೊರತೆಯನ್ನು ತುಂಬಲು ಬಂದುದು ವಿಷ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಾಣಿಗಳ ಚರ್ಮಕ್ಕೆ ಸೋಮಲವನ್ನು ಬಳಿದರು. ಅನಂತರ ನುಸಿಗುಳಿಗೆ, ಡಿಡಿಟಿ, ಎಥಿಲೀನ್ ಆಕ್ಸೈಡ್, ಮೀಥೈಲ್ ಬ್ರೋಮೈಡ್‌ಗಳು ಬಂದವು. ಹುಳು ಸತ್ತಿತೆಂಬುದು ನಿಜ. ಆದರೆ ಸೋಮಲ ಬಳಿದ ವಸ್ತುವು ಇಂದಿಗೂ ಅದನ್ನು ಮುಟ್ಟುವವನಿಗೆ ಅಪಾಯಕಾರಿಯಾಗಿಯೇ ಉಳಿದಿದೆ. ಎಥಿಲೀನ್ ಆಕ್ಸೈಡ್ ಅರ್ಬುದಕಾರಕವೆಂದು ಸಿದ್ಧವಾಯಿತು. ಮೀಥೈಲ್ ಬ್ರೋಮೈಡು ಓಜೋನ್ ಪದರವನ್ನು ಕೆಡಿಸುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ವ್ಯಾಪ್ತಿಗೆ 1992ರಲ್ಲಿ ಸೇರಿತು. ಮುಂದುವರಿದ ದೇಶಗಳಲ್ಲಿ 2005ರ ವೇಳೆಗೆ, ಉಳಿದ ದೇಶಗಳಲ್ಲಿ 2015ರ ವೇಳೆಗೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಅದರ ಬಳಕೆಯನ್ನು ನಿಲ್ಲಿಸಬೇಕೆಂದು ನಿಶ್ಚಯವಾಯಿತು. ವಸ್ತುವನ್ನು ಉಳಿಸಿ ಅದನ್ನು ಕಾಯುವವನನ್ನು ಬಲಿಗೊಡುವ ಕ್ರಮವನ್ನು ಸಂರಕ್ಷಣೆಯೆಂದು ಕರೆಯುವುದು ಮಾತಿನ ದುರುಪಯೋಗವೇ ಸರಿ.

ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ಚಿತ್ರವೂ ಪರೇಲಿನಲ್ಲಿಯೇ ಇದೆ. 1896ರಲ್ಲಿ ಮುಂಬಯಿಗೆ ಪ್ಲೇಗು ತಗುಲಿದಾಗ, ರೋಗ ಬಂದ ಮನೆಗಳ ಹಾಸಿಗೆ ಬಟ್ಟೆಗಳನ್ನು ಸುಟ್ಟರು, ಗೋಡೆ ನೆಲಗಳನ್ನು ಔಷಧದ ನೀರಿನಿಂದ ತೊಯ್ಸಿದರು. ಮನುಷ್ಯನನ್ನು ಉಳಿಸಲು ವಸ್ತುವನ್ನು ಬಲಿಗೊಟ್ಟ ಕಾಲವದು. 1899ರಲ್ಲಿ ಪರೇಲಿನ ಹಳೆಯ ಗವರ್ನರರ ಬಂಗಲೆಯಲ್ಲಿ ಹಾಫ್ಕಿನ್ ಅವರ ಪ್ಲೇಗ್ ಪ್ರಯೋಗಶಾಲೆ ನೆಲೆಗೊಂಡಿತು. 1925ರಿಂದ ಅದಕ್ಕೆ ಅವರ ಹೆಸರೇ ಇದೆ. 1905ರಿಂದ ಮುಂದೆ ಪ್ಲೇಗ್ ಸಂಶೋಧನಾ ಆಯೋಗದವರು ನಡೆಸಿದ ಪರೀಕ್ಷೆಗಳಲ್ಲಿ, ಚಿಗಟವು ನೆಗೆಯಲಾರದ ಎತ್ತರದಲ್ಲಿ ತೂಗುಹಾಕಿದ ಪ್ರಾಣಿಗಳು ಉಳಿದವು, ನೆಲದಲ್ಲಿದ್ದವು ಸತ್ತವು. ಇಲಿಯ ಚಿಗಟವೇ ರೋಗವನ್ನು ಒಯ್ಯುತ್ತದೆಂಬುದು ಹೀಗೆ ದೃಢವಾಯಿತು. ಸಿಕ್ಕಿದ್ದನ್ನೆಲ್ಲ ಸುಡುವ ಬದಲು ಒಂದು ಕೀಟದ ನಡೆಯನ್ನು ಅರಿಯುವುದು ಮೇಲೆಂಬ ಪಾಠವು ಪರೇಲಿನಿಂದ ಲೋಕಕ್ಕೆ ಸಂದಿತು. ಶೈತ್ಯಚಿಕಿತ್ಸೆಯನ್ನು ಅಳೆಯುವುದಕ್ಕೂ ಇದೇ ಒರೆಗಲ್ಲು.

ಆ ಚಿಕಿತ್ಸೆಗೆ ಹೆಸರು ತಂದುದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯ. 1977ರಲ್ಲಿ ಅಲ್ಲಿಯ ಅಪೂರ್ವ ಗ್ರಂಥಗಳಲ್ಲಿ ಗ್ಯಾಸ್ಟ್ರಾಲಸ್ ಜಾತಿಯ ಕೊರೆಹುಳು ಕಾಣಿಸಿಕೊಂಡಾಗ, ವಿಷಾನಿಲಕ್ಕೆ ಬದಲಾಗಿ ಪುಸ್ತಕಗಳನ್ನು ಸೊನ್ನೆಗಿಂತ ಸುಮಾರು 29 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಮೂರು ದಿನ ಇರಿಸಿದರು. ಆ ಕುಲದ್ದೇ ಆದ ಗ್ಯಾಸ್ಟ್ರಾಲಸ್ ಇಂಡಿಕಸ್ ಎಂಬುದು ದಕ್ಷಿಣ ಭಾರತದ ಓಲೆ ಪುಸ್ತಕಗಳ ಹಳೆಯ ಶತ್ರುವಾದ ಕಾರಣ, ಈ ಘಟನೆ ಕನ್ನಡಿಗರಿಗೆ ಪರದೇಶದ ವಾರ್ತೆ ಮಾತ್ರವಲ್ಲ. ಸಾಮಾನ್ಯವಾಗಿ ಸೊನ್ನೆಗಿಂತ 30 ಡಿಗ್ರಿ ಕೆಳಗಾದರೆ ಮೂರು ದಿನ, 18 ಅಥವಾ 20 ಡಿಗ್ರಿ ಕೆಳಗಾದರೆ ಒಂದೆರಡು ವಾರ ಎಂಬುದು ಈಗ ರೂಢಿಯಲ್ಲಿರುವ ಲೆಕ್ಕ.

ಕ್ರಮವು ಸರಳವಾದರೂ ಒಂದೊಂದು ಹೆಜ್ಜೆಗೂ ಕಾರಣವಿದೆ. ವಸ್ತುವನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿಟ್ಟು, ಗಾಳಿಯನ್ನು ಹೊರದೂಡಿ ಬಾಯನ್ನು ಮುಚ್ಚಬೇಕು. ಚಳಿ ಬೇಗ ಇಳಿಯಬೇಕು. ನಿಧಾನವಾದರೆ ಕೆಲವು ಕೀಟಗಳು ದೇಹದ ರಸವನ್ನು ಬದಲಿಸಿಕೊಂಡು ಚಳಿಗೆ ಒಗ್ಗಿಕೊಳ್ಳುತ್ತವೆ. ದಿನಗಳನ್ನು ಎಣಿಸಬೇಕಾದುದು ಪೆಟ್ಟಿಗೆಯಲ್ಲಿಟ್ಟ ಗಳಿಗೆಯಿಂದಲ್ಲ, ಕಟ್ಟಿನ ನಟ್ಟನಡುವೆ ಚಳಿ ಮುಟ್ಟಿದ ಗಳಿಗೆಯಿಂದ. ಹೊರತೆಗೆದ ಬಳಿಕ ಒಂದು ದಿನ ಚೀಲವನ್ನು ಬಿಚ್ಚಲಾಗದು. ಬಿಚ್ಚಿದರೆ ಕೋಣೆಯ ತೇವವೆಲ್ಲ ತಣ್ಣನೆಯ ವಸ್ತುವಿನ ಮೇಲೆ ಬೆವರಾಗಿ ಇಳಿಯುತ್ತದೆ. ಚಳಿಯಲ್ಲಿ ಓಲೆ ಒಡೆಯದೇ ಎಂಬ ಶಂಕೆ ಸಹಜ. ಒಣಗಿದ ಓಲೆ, ಕಾಗದ, ಅರಿವೆಗಳಲ್ಲಿ ಇರುವ ಅಲ್ಪ ನೀರು ಎಳೆಎಳೆಗಳಿಗೆ ಅಂಟಿಕೊಂಡಿರುತ್ತದೆ; ಅದು ಮಂಜುಗಡ್ಡೆಯಾಗುವುದಿಲ್ಲ. ಹುಳುವಿನ ಮೈಯ ನೀರಾದರೋ ಹೆಪ್ಪುಗಟ್ಟುತ್ತದೆ. ಈ ಭೇದದ ಮೇಲೆ ಚಿಕಿತ್ಸೆಯೆಲ್ಲ ನಿಂತಿದೆ.

ಎಲ್ಲಕ್ಕೂ ಇದು ಮದ್ದಲ್ಲ. ಹಲವು ಪದಾರ್ಥಗಳನ್ನು ಅಂಟಿಸಿ ಮಾಡಿದ ವಸ್ತುವಿನಲ್ಲಿ ಒಂದೊಂದು ಪದರವು ಒಂದೊಂದು ಪ್ರಮಾಣದಲ್ಲಿ ಕುಗ್ಗುತ್ತದೆ. ಉಬ್ಬುಲೇಪದ ಮೇಲೆ ಚಿನ್ನದ ಹಾಳೆ ಹಚ್ಚಿದ ಮೈಸೂರು ಚಿತ್ರ, ಬೀಟೆಯಲ್ಲಿ ದಂತ ಕೂರಿಸಿದ ಪೆಟ್ಟಿಗೆ, ಅರಗಿನ ಬಣ್ಣದ ಚೆನ್ನಪಟ್ಟಣದ ಗೊಂಬೆ, ಗಾಜಿನ ಫಲಕದ ಛಾಯಾಚಿತ್ರ ಇವನ್ನು ಚಳಿಗೆ ಒಡ್ಡುವುದು ದುಸ್ಸಾಹಸ. ಪರೇಲಿನಿಂದ ದಕ್ಷಿಣಕ್ಕೆ, ಬೈಕಲಾದಲ್ಲಿ 1872ರಲ್ಲಿ ತೆರೆದ, ಈಗ ಡಾ. ಭಾವು ದಾಜಿ ಲಾಡ್ ಅವರ ಹೆಸರಿನಲ್ಲಿರುವ ಸಂಗ್ರಹಾಲಯದಲ್ಲಿ ಮಣ್ಣಿನ ಮಾದರಿಗಳೂ ದಂತ, ಮರಗಳ ಕುಸುರಿಯೂ ಇವೆ. ಅವನ್ನು ನೋಡಿದವರಿಗೆ, ಒಂದೇ ವಿಧಿಯನ್ನು ಎಲ್ಲ ವಸ್ತುವಿಗೂ ಹೇರುವುದು ಎಷ್ಟು ಅವಿವೇಕವೆಂಬುದು ತಾನಾಗಿಯೇ ತಿಳಿಯುತ್ತದೆ.

ಇನ್ನು ಮುಖ್ಯವಾದ ಆಕ್ಷೇಪ. ಉಷ್ಣದೇಶದ ಕೀಟಗಳಿಗೆ ಚಳಿಯ ಅಭ್ಯಾಸವಿಲ್ಲ. ಹಿಮ ಬೀಳುವ ನಾಡಿನ ಅನೇಕ ಹುಳುಗಳಿಗಿಂತ ಅವು ಸುಲಭವಾಗಿ ಸಾಯುತ್ತವೆ. ಕೀಟದ ದೃಷ್ಟಿಯಿಂದ ಈ ಚಿಕಿತ್ಸೆ ಮುಂಬಯಿಗೆ ಹೇಳಿಮಾಡಿಸಿದಂತಿದೆ. ಉಗ್ರಾಣದ ದೃಷ್ಟಿಯಿಂದ ಇದು ವ್ಯತಿರಿಕ್ತ. ಹೆಪ್ಪಿನಿಂದ ಹೊರಬಂದ ಪುಸ್ತಕವು ಯೇಲಿನಲ್ಲಿ ಒಣ ತಂಪಿನ ಕೋಣೆಗೆ ಮರಳುತ್ತದೆ. ಇಲ್ಲಿ ಅದು ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆ ಬೆವರುವ ಕೋಣೆಗೆ, ಹುಳು ಉಳಿದಿರುವ ಅದೇ ಮರದ ಬೀರುವಿಗೆ ಮರಳುತ್ತದೆ. ವಿಷವು ಕೆಡುಕಾದರೂ ಕೆಲಕಾಲ ಕಾವಲಿರುತ್ತಿತ್ತು. ಶೈತ್ಯವು ಏನನ್ನೂ ಬಿಟ್ಟುಹೋಗುವುದಿಲ್ಲ. ಅದರ ದೊಡ್ಡ ಗುಣವೇ ಅದರ ದೊಡ್ಡ ದೋಷ. ಮೇಲಾಗಿ ಬೂಸಲು ಚಳಿಗೆ ಸಾಯುವುದಿಲ್ಲ, ಸುಮ್ಮನಾಗುತ್ತದೆ ಅಷ್ಟೆ. ತೇವ ದೊರೆತೊಡನೆ ಮತ್ತೆ ಏಳುತ್ತದೆ. ಆದುದರಿಂದ ಯಂತ್ರವನ್ನು ಕೊಂಡು ಕೋಣೆಯನ್ನು ಮರೆತ ಸಂಸ್ಥೆಯು ಹುಳುವಿಗೆ ಒಂದು ವರ್ಷದ ವಿರಾಮವನ್ನು ಕೊಟ್ಟಂತಾಗುತ್ತದೆಯೇ ಹೊರತು ವಸ್ತುವಿಗೆ ಆಯುಸ್ಸನ್ನು ಕೊಟ್ಟಂತಾಗುವುದಿಲ್ಲ.

ಈ ಮಾತು ದೊಡ್ಡ ಸಂಗ್ರಹಾಲಯಗಳಿಗೆ ಮಾತ್ರ ಅನ್ವಯಿಸುವುದಲ್ಲ. ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ಕನ್ನಡಿಗರು ಟ್ರಂಕಿನಲ್ಲಿ ಓಲೆಯ ಕಟ್ಟನ್ನೂ ಅಜ್ಜಿಯ ಸೀರೆಯನ್ನೂ ತಂದರು. ಇಲ್ಲಿ ನಾಟಕವಾಡಿದರು, ಯಕ್ಷಗಾನದ ಕಿರೀಟ ಭುಜಕೀರ್ತಿಗಳನ್ನು ಕೂಡಿಸಿದರು, ಪತ್ರಿಕೆ ನಡೆಸಿದರು. ಗಿರಣಿಗಳು ಮುಚ್ಚಿ ಚಾಳುಗಳು ಉರುಳುತ್ತಿರುವ ಪರೇಲಿನಲ್ಲಿ ಮನೆ ಬದಲಿಸುವಾಗ, ಹುಳು ಬಿದ್ದ ಗಂಟು ಮೊದಲು ಹೋಗುವುದು ಕಸದ ಗಾಡಿಗೆ. ಕಳೆದುಹೋಗುವುದು ಒಂದು ಸಂಚಿಕೆಯಾದರೂ, ಈ ನಗರದಲ್ಲಿ ಕನ್ನಡ ಹೇಗೆ ಬಾಳಿತೆಂಬುದಕ್ಕೆ ಅದೇ ಒಂದು ಸಾಕ್ಷಿಯಾಗಿರಬಹುದು. ಕಾಗದಕ್ಕೂ ಓಲೆಗೂ ಹತ್ತಿಯ ಬಟ್ಟೆಗೂ ಒಂದು ಸಾಧಾರಣ ಡೀಪ್ ಫ್ರೀಜರಿನ ಎರಡು ವಾರ ಸಾಕು ಎಂಬ ತಿಳಿವಳಿಕೆಯಿದ್ದರೆ, ಎಸೆಯಬೇಕಾದುದೆಂದು ತೋರುವುದರಲ್ಲಿ ಬಹುಪಾಲು ಉಳಿಯುತ್ತದೆ. ಕನ್ನಡಿ ಬೇಗಡೆ ಅಂಟಿಸಿದ ಕಿರೀಟಗಳನ್ನು ಮಾತ್ರ ಬಲ್ಲವರಿಗೆ ತೋರಿಸದೆ ಚಳಿಗೆ ಇಡಬಾರದು.

ಅದರೊಡನೆ ಬೇಕಾದುದು ಯಂತ್ರವಲ್ಲ, ನಿಯಮ. ಹೊಸದಾಗಿ ಬಂದ ವಸ್ತುವನ್ನು ಸಂಗ್ರಹದೊಡನೆ ಬೆರೆಸದೆ ಪ್ರತ್ಯೇಕವಾಗಿಡುವುದು. ಕಪಾಟನ್ನು ಗೋಡೆಯಿಂದ ದೂರ ಸರಿಸುವುದು. ಕಪಾಟಿನ ತಳದಲ್ಲಿ ಹೊಸ ಮರಪುಡಿ ಬಿದ್ದಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ ದಿನಾಂಕ ಸಹಿತ ಪುಸ್ತಕದಲ್ಲಿ ಬರೆಯುವುದು. ಲೆಕ್ಕ ಬರೆಯದ ಖಜಾನೆಯಲ್ಲಿ ಸೋರಿಕೆ ತಿಳಿಯುವುದು ಪೆಟ್ಟಿಗೆ ಬರಿದಾದ ಮೇಲೆಯೇ. ವರ್ಷಕ್ಕೊಮ್ಮೆ ಕಟ್ಟನ್ನು ಬಿಚ್ಚಿ ನೋಡುತ್ತಿದ್ದ ಹಳಬರ ವಾಡಿಕೆ ಇದೇ ನಿಯಮದ ಪೂರ್ವರೂಪವಾಗಿತ್ತು. ಬಜೆ ಬೇವುಗಳಿಗಿಂತ ಆ ಬಿಚ್ಚಿ ನೋಡುವಿಕೆಯೇ ಗ್ರಂಥಗಳನ್ನು ಹೆಚ್ಚು ಕಾಪಾಡಿತೆಂದರೆ ತಪ್ಪಾಗಲಾರದು.

ಒಟ್ಟಿನಲ್ಲಿ, ವಸ್ತುವಿಗೂ ಅದನ್ನು ಕಾಯುವವನಿಗೂ ಕೇಡು ಬಗೆಯದ ಮಾರ್ಗವೆಂಬ ಕಾರಣಕ್ಕೆ ಶೈತ್ಯಚಿಕಿತ್ಸೆಯನ್ನು ಸ್ವಾಗತಿಸಬೇಕು. ಅದು ಸಂರಕ್ಷಣೆಯ ಆರಂಭವೇ ಹೊರತು ಸಂರಕ್ಷಣೆಯಲ್ಲವೆಂಬುದನ್ನೂ ಒಪ್ಪಬೇಕು. ಬಾರಾದೇವಿಯ ಶಿಲೆ ಯಾರ ಆರೈಕೆಯೂ ಇಲ್ಲದೆ ಮಣ್ಣಿನೊಳಗೆ ಕಾದಿತ್ತು. ಓಲೆಗೆ ಆ ಭಾಗ್ಯವಿಲ್ಲ. ಪ್ರತಿಯೊಂದು ತಲೆಮಾರೂ ಅದನ್ನು ಕೈಗೆತ್ತಿಕೊಂಡು ಬಿಚ್ಚಿ ನೋಡಿದರೆ ಮಾತ್ರ ಅದು ಮುಂದಿನ ತಲೆಮಾರಿಗೆ ಸಲ್ಲುತ್ತದೆ.