ಕರೆಯದೆ ಬಂದ ಚುಕ್ಕೆ

ಈ ವಾರ ಜೆಮಿನಿಡ್ ಉಲ್ಕಾವೃಷ್ಟಿಯ ಬಗ್ಗೆ ಬರೆಯಬೇಕಿತ್ತು. ಆದರೆ ಡಿಸೆಂಬರ್ ಚಳಿಯಲ್ಲಿ ಉಲ್ಕೆ ಕಾಯುತ್ತ ಚಾಪೆಯ ಮೇಲೆ ಅಂಗಾತ ಮಲಗಿದವರಿಗೆ ಮೊದಲು ಸಿಗುವುದು ಉಪಗ್ರಹವೇ. ಮಿಥುನ ಮೇಲೇರುವ ಮುನ್ನವೇ ಚುಕ್ಕೆಯೊಂದು ನಕ್ಷತ್ರಗಳ ನಡುವೆ ಸದ್ದಿಲ್ಲದೆ ಹೊರಟಿರುತ್ತದೆ. ಕೆಂಪು-ಹಸಿರು ದೀಪಗಳಿಲ್ಲ, ವಿಮಾನವಲ್ಲ.

ನೆಲಕ್ಕೆ ಕತ್ತಲಾದ ಮೇಲೂ ನಾನೂರು-ಐನೂರು ಕಿ.ಮೀ. ಎತ್ತರದಲ್ಲಿ ಬಿಸಿಲಿರುತ್ತದೆ. ಅದಕ್ಕೇ ಇವುಗಳ ಸಂಚಾರ ಮುಸ್ಸಂಜೆ ಕಳೆದ ಒಂದೆರಡು ಗಂಟೆ, ಮತ್ತೆ ಬೆಳಗಿನ ಜಾವ. ಬ್ರಿಟನ್ನಿನವರಿಗೆ ಜೂನ್‌ನಲ್ಲಿ ಇಡೀ ರಾತ್ರಿ ಈ ಭಾಗ್ಯ. ನಮ್ಮಲ್ಲಿ ನಡುರಾತ್ರಿಯ ಹೊತ್ತಿಗೆ ಕೆಳಗಿನ ಕಕ್ಷೆಯವೆಲ್ಲ ಭೂಮಿಯ ನೆರಳಿನಲ್ಲಿ.

ಬಾಹ್ಯಾಕಾಶ ನಿಲ್ದಾಣ ಬರುವ ನಿಮಿಷವನ್ನು ಆ್ಯಪಿನಲ್ಲಿ ನೋಡಿಕೊಂಡೇ ಅಂಗಳಕ್ಕಿಳಿಯುವವರಿದ್ದಾರೆ. ತಪ್ಪೇನಿಲ್ಲ, ಆದರೆ ಅದು ವೇಳಾಪಟ್ಟಿ ಹಿಡಿದು ರೈಲು ಕಾಯುವ ಕೆಲಸ. ರುಚಿ ಇರುವುದು ಹೇಳದೆ ಬರುವ ಹಳೆಯ ರಾಕೆಟ್ ಹಂತಗಳಲ್ಲಿ. ಕೆಲಸ ಮುಗಿದ ಆ ಖಾಲಿ ಕೊಳವೆಗಳು ಲಗಾಟಿ ಹೊಡೆಯುತ್ತ ಸಾಗುತ್ತವೆ. ಒಂದು ಮಗ್ಗುಲು ಬಿಸಿಲಿಗೆ ತಿರುಗಿದಾಗ ಫಕ್ಕನೆ ಹೊಳೆದು, ಮರುಕ್ಷಣ ಮಾಯವಾಗಿ, ಬೆರಳಗಲ ಮುಂದೆ ಮತ್ತೆ ಹೊಳೆಯುತ್ತವೆ. ಎರಡು ಹೊಳಪುಗಳ ನಡುವಿನ ಸೆಕೆಂಡುಗಳನ್ನು ಎಣಿಸಿದರೆ ಅದು ಎಷ್ಟು ಬೇಗ ಹೊರಳುತ್ತಿದೆ ಎಂಬ ಅಂದಾಜು ಸಿಗುತ್ತದೆ. ಆಮೇಲೆ, ದಾರಿಯ ನಡುವೆಯೇ, ಕೆಂಪಗೆ ಮಂಕಾಗಿ ನೆರಳು ಹೊಕ್ಕುಬಿಡುತ್ತದೆ.

ಕ್ಯಾಮೆರಾ ಪಂಥದವರಿಗೆ ಇದೆಲ್ಲ ಕಸ. ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಬಂದ ಗೆರೆಯನ್ನು ಸಾಫ್ಟ್‌ವೇರಿನಿಂದ ಒರೆಸಿ, ಎಂದೂ ಹಾಗಿರದ ಆಕಾಶವನ್ನು ಗೋಡೆಗೆ ತೂಗುಹಾಕುತ್ತಾರೆ. 2019ರ ಮೇ ತಿಂಗಳಲ್ಲಿ 60 ಸ್ಟಾರ್‌ಲಿಂಕ್‌ಗಳು ಸಾಲುಗಟ್ಟಿ ಹೊರಟಾಗಿನಿಂದ ದೊಡ್ಡ ದೂರದರ್ಶಕಗಳ ಖಗೋಳಜ್ಞರು ಪಡುತ್ತಿರುವ ಪಾಡು ನಿಜವಾದದ್ದು. ಮಾಳಿಗೆಯ ಮೇಲಿನ ಹವ್ಯಾಸಿಗೂ ಅದೇ ಮುನಿಸು ಯಾಕೆ?

ಅದೂ ಖಾಲಿ ಕೊಳವೆಯ ಮೇಲೆ! 1957ರ ಅಕ್ಟೋಬರ್ 4ರಂದು ಹಾರಿದ ಸ್ಪುಟ್ನಿಕ್ 58 ಸೆಂ.ಮೀ. ವ್ಯಾಸದ ಗೋಳ, ಬರಿಗಣ್ಣಿಗೆ ದಕ್ಕುವುದೇ ಕಷ್ಟ. ಊರೂರುಗಳಲ್ಲಿ ಜನ ತಲೆಯೆತ್ತಿ ‘ಅಗೋ ಸ್ಪುಟ್ನಿಕ್’ ಎಂದು ಬೆರಗಾಗಿ ತೋರಿಸಿದ್ದು ಬಹುಪಾಲು ಅದನ್ನಲ್ಲ; ಅದನ್ನು ಹೊತ್ತೊಯ್ದು, ತಾನೂ ಕಕ್ಷೆ ಸೇರಿದ್ದ ಆರ್-7 ರಾಕೆಟ್ಟಿನ ನಡುಭಾಗವನ್ನು. ಆ ಡಿಸೆಂಬರಿನ ಆರಂಭದಲ್ಲೇ ಅದು ಕಕ್ಷೆಯಿಂದ ಬಿತ್ತು. ಕಾಣದ ಗೋಳ ಮಾತ್ರ 1958ರ ಜನವರಿಯವರೆಗೆ ಸುತ್ತುತ್ತಲೇ ಇತ್ತು.