ಕೊಳವೆಯೊಳಗಿನ ಮಳೆ

ಕಟ್ಟಿಗೆ ಒಲೆಯನ್ನು ಹೊಗಳುವವರೆಲ್ಲ ಬೆಂಕಿಯನ್ನೇ ಹೊಗಳುತ್ತಾರೆ. ಗಾಜಿನ ಬಾಗಿಲು, ಅದರ ಹಿಂದೆ ಕುಣಿಯುವ ಜ್ವಾಲೆ, ಎದುರಿಗೊಂದು ಆರಾಮಕುರ್ಚಿ. ನನ್ನ ಕಣ್ಣು ಮಾತ್ರ ಒಲೆಯ ನೆತ್ತಿಯಿಂದ ಹೊರಟು, ಮೇಲೇರಿ, ಒಂದು ಕಡೆ ಬಾಗಿ ಗೋಡೆಯೊಳಗೆ ನುಗ್ಗುವ ಕಪ್ಪು ತಗಡಿನ ಕೊಳವೆಯ ಮೇಲೆ ನಿಲ್ಲುತ್ತದೆ. ಆ ಕೊಳವೆ ಇಟ್ಟಿಗೆಯ ಹೊಗೆಗೂಡನ್ನು ಸೇರುವ ಗೇಣಗಲದ ಜಾಗವಿದೆಯಲ್ಲ, ಕೆಲಸಗಾರನ ಜಾಣತನವಾಗಲಿ ಸೋಮಾರಿತನವಾಗಲಿ ಬಯಲಾಗುವುದು ಅಲ್ಲೇ.

ಅಮೆರಿಕದ ವರ್ಮಾಂಟಿನಲ್ಲಿ ಗೆಳೆಯನೊಬ್ಬ ಕೊಂಡ ಹಳೆಯ ಮರದ ಮನೆಯಲ್ಲಿ ಬಯಲಾಗಿದ್ದದ್ದು ಸೋಮಾರಿತನ. ಗೋಡೆಯ ತೂತು ಎಂಟು ಇಂಚು, ಕೊಳವೆ ಆರು ಇಂಚು. ನಡುವಿನ ಸಂದಿಗೆ ಯಾರೋ ಪುಣ್ಯಾತ್ಮರು ಮಾಮೂಲಿ ಸಿಮೆಂಟು ಮೆತ್ತಿ ಕೈ ತೊಳೆದುಕೊಂಡಿದ್ದರು. ಅದು ಬಿರುಕು ಬಿಟ್ಟು ಚೂರುಚೂರಾಗಿ ಉದುರುತ್ತಿತ್ತು. ಉದುರದೆ ಇನ್ನೇನು? ಒಂದು ಮೀಟರ್ ಉಕ್ಕು 200 ಡಿಗ್ರಿ ಹೆಚ್ಚು ಕಾಯ್ದರೆ ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚೇ ಬೆಳೆಯುತ್ತದೆ, ಆರಿದಾಗ ಮತ್ತೆ ಕುಗ್ಗುತ್ತದೆ. ದಿನವೂ ಹಿಗ್ಗಿ ಕುಗ್ಗುವುದನ್ನು ಗಾರೆಯಲ್ಲಿ ಕಟ್ಟಿಹಾಕಿದರೆ ಗಾರೆಯೇ ಸೋಲಬೇಕು. ಇಷ್ಟು ಸಾಲದೆಂಬಂತೆ ಕೊಳವೆಯ ಮೈಮೇಲೆ ಕಡುಕಂದು ಗೆರೆಗಳು ಇಳಿದಿದ್ದವು. ಪ್ರತಿಯೊಂದು ಜೋಡಣೆಯಿಂದಲೂ ಒಂದೊಂದು. ಮುಟ್ಟಿದರೆ ಅಂಟು, ಮೂಸಿದರೆ ಸುಟ್ಟ ಟಾರಿನ ಘಾಟು.

ಆ ಗೆರೆಗಳನ್ನು ಓದಲು ಬಂದರೆ ಇಡೀ ವಿದ್ಯೆ ಕೈಗೆ ಬಂದಂತೆ. ಕೊಳವೆಯ ಪ್ರತಿ ತುಂಡಿಗೂ ಒಂದು ತುದಿ ನುಣುಪು, ಇನ್ನೊಂದು ತುದಿ ನೆರಿಗೆ ಹಿಡಿದದ್ದು. ನೆರಿಗೆಯ ತುದಿ ತುಸು ಸಣ್ಣದಾಗಿ ಮುಂದಿನ ತುಂಡಿನೊಳಗೆ ಕೂರುತ್ತದೆ. ಈಗ ಪ್ರಶ್ನೆ: ನೆರಿಗೆ ಮೇಲ್ಮುಖವೋ ಕೆಳಮುಖವೋ? ಯಾರನ್ನು ಕೇಳಿದರೂ ಮೇಲ್ಮುಖ ಎನ್ನುತ್ತಾರೆ. ಹೊಗೆ ಮೇಲೆ ಹೋಗುವಂಥದ್ದು, ಕೆಳಗಿನ ತುಂಡು ಮೇಲಿನದರೊಳಗೆ ತೂರಿದ್ದರೆ ಎಲ್ಲೂ ಸೋರದೆ ಸರಾಗ ಏರುತ್ತದೆ ಎಂಬ ಲೆಕ್ಕ. ಈ ಮನೆಯಲ್ಲೂ ಹಾಗೇ ಮಾಡಿದ್ದರು. ಲೆಕ್ಕ ತಪ್ಪಿದ್ದು ಎರಡು ಕಡೆ.

ಮೊದಲನೆಯದು, ಉರಿಯುವ ಒಲೆಯ ಕೊಳವೆ ಹೊಗೆಯನ್ನು ಹೊರಗೆ ಉಗುಳುವುದಿಲ್ಲ. ಹೊಗೆಗೂಡಿನಲ್ಲಿ ಬಿಸಿಗಾಳಿ ಹಗುರಾಗಿ ಮೇಲೇರುವಾಗ ಒಳಗಿನ ಒತ್ತಡ ಕೋಣೆಯದಕ್ಕಿಂತ ಕಡಿಮೆಯಾಗುತ್ತದೆ. ಸಂದಿಯಿದ್ದರೆ ಕೋಣೆಯ ಗಾಳಿಯೇ ಒಳಗೆ ಹೋಗುತ್ತದೆ. ಎರಡನೆಯದು, ಕೊಳವೆಯಲ್ಲಿ ಮೇಲೆ ಹೋದದ್ದೆಲ್ಲ ಮೇಲೇ ಉಳಿಯುವುದಿಲ್ಲ. ಸರಿಯಾಗಿ ಒಣಗದ ಸೌದೆಯ ಹೊಗೆಯಲ್ಲಿ ನೀರಾವಿ, ಟಾರು ಎಲ್ಲ ಬೆರೆತಿರುತ್ತದೆ. ಹೊಗೆ ಸುಮಾರು 120 ಡಿಗ್ರಿಗಿಂತ ತಣ್ಣಗಾದರೆ ಅದು ಗೋಡೆಗೆ ಬೆವರಿನಂತೆ ಹತ್ತಿ ಕೆಳಗೆ ಇಳಿಯುತ್ತದೆ. ಅದನ್ನೇ ಕ್ರಿಯೊಸೋಟ್ ಎನ್ನುವುದು. ಒಟ್ಟಿನಲ್ಲಿ ಕೊಳವೆಯೊಳಗೆ ಮಳೆ! ನಮ್ಮ ಮಂಗಳೂರು ಹೆಂಚಿನ ಮಾಡಿನಲ್ಲಿ ಮೇಲಿನ ಹೆಂಚು ಕೆಳಗಿನದರ ಮೇಲೆ ಕೂರುವುದು ನೀರು ಹೊರಮೈಯಲ್ಲಿ ಜಾರಲಿ ಎಂದು. ಇಲ್ಲಿ ಮಳೆ ಒಳಗಿನದು. ಆದ್ದರಿಂದ ಮೇಲಿನ ತುಂಡು ಕೆಳಗಿನದರ ಒಳಗೆ ಕೂರಬೇಕು, ನೆರಿಗೆ ಒಲೆಯ ಕಡೆಗೇ ಮುಖ ಮಾಡಬೇಕು. ಆಗ ಇಳಿದ ಹನಿ ಜೋಡಣೆ ದಾಟಿ ಒಲೆಗೇ ಬಿದ್ದು ಅಲ್ಲೇ ಉರಿದುಹೋಗುತ್ತದೆ. ಏರುವ ಹೊಗೆ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಜೋಡಿಸುವವನು ಯೋಚಿಸಬೇಕಾದದ್ದು ಇಳಿಯುವುದರ ಬಗ್ಗೆ.

ರಿಪೇರಿಗೆ ಬಂದಾತ ಮೈಯೆಲ್ಲ ಮಸಿ ಹಿಡಿದ, ಮಾತು ಕಡಿಮೆಯ ಮುದುಕ. ಕೊಳವೆ ಕಿತ್ತು, ತೂತಿನೊಳಗೆ ಪುಟ್ಟ ಕನ್ನಡಿ ಹಿಡಿದು ಟಾರ್ಚ್ ಬಿಟ್ಟ. ಮೇಲೆ ಚೌಕಾಕಾರದ ಆಕಾಶ ಕಂಡಿತು. ಹಳೆಯ ಕೊಳವೆ ಎದುರಿನ ಗೋಡೆಗೆ ಮೂಗು ತಾಗಿಸುವಷ್ಟು ಒಳಗೆ ಹೋಗಿ ಹೊಗೆಯ ದಾರಿಗೆ ಅಡ್ಡ ನಿಂತಿದ್ದ ಗುರುತೂ ಕಂಡಿತು. ಆತ ಮಾಡಿದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಉಪಾಯ. ಕೊಳವೆಯನ್ನು ಗೋಡೆಗೆ ಅಂಟಿಸುವ ಬದಲು, ಅದು ಸಲೀಸಾಗಿ ಜಾರುವಷ್ಟೇ ಅಗಲದ ಲೋಹದ ಬಳೆಯೊಂದನ್ನು ಬೆಂಕಿ ತಡೆಯುವ ಗಾರೆಯಿಂದ ಗೋಡೆಗೆ ಕೂರಿಸಿದ. ಅದರ ಒಳತುದಿ ಹೊಗೆಗೂಡಿನ ಒಳಮೈಗೆ ಸಮವಾಗಿ, ಒಂದು ಕೂದಲೂ ಮುಂದೆ ಚಾಚದಂತೆ. ಕೊಳವೆ ಆ ಬಳೆಯೊಳಗೆ ಸೇರಿತು, ನಡುವಿನ ಕಿರಿಸಂದಿಗೆ ಶಾಖ ತಾಳುವ ಗಾಜಿನ ನೂಲಿನ ಹಗ್ಗ ಸುತ್ತಿದ. ಗಾರೆ ಕದಲಬೇಕಿಲ್ಲ, ಕೊಳವೆ ಕದಲಬಹುದು. ಬೇಕೆಂದಾಗ ಎಳೆದು ಗುಡಿಸಲೂಬಹುದು. ಅಡ್ಡ ಹಾಯುವ ತುಂಡಿಗೆ ಗೋಡೆಯತ್ತ ಅಡಿಗೆ ಕಾಲು ಇಂಚಿನ ಏರು ಕೊಟ್ಟ. ಪ್ರತಿ ಜೋಡಣೆಗೂ ಸುತ್ತ ಮೂರು ತಿರುಪು. ಹೊಗೆಗೂಡಿಗೆ ಬೆಂಕಿ ಹತ್ತಿದರೆ ಕೊಳವೆ ಕುಣಿದಾಡುತ್ತದೆ, ತಿರುಪಿಲ್ಲದ್ದು ಕಳಚಿ ಬೀಳುತ್ತದೆ. ಶೇಖರವಾದ ಕ್ರಿಯೊಸೋಟ್ ಹೊತ್ತಿಕೊಂಡರೆ ಶಾಖ 1000 ಡಿಗ್ರಿ ದಾಟಬಲ್ಲದು.

ಇಂಥ ತಲೆನೋವು ದೊಡ್ಡವರನ್ನೂ ಬಿಟ್ಟಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ 1744ರಲ್ಲಿ ತನ್ನ ಹೊಸ ಒಲೆಯ ಬಗ್ಗೆ ಕಿರುಹೊತ್ತಗೆ ಅಚ್ಚು ಹಾಕಿಸಿದ. ಶಾಖ ಉಳಿಸುವ ಆಸೆಗೆ ಹೊಗೆಯನ್ನು ಮೊದಲು ಕೆಳಗಿಳಿಸಿ ಆಮೇಲೆ ಮೇಲೆ ಕಳಿಸುವ ಏರ್ಪಾಡು ಅದರದು. ಹೊಗೆಗೂಡು ಕಾದಿರದಿದ್ದರೆ ಹೊಗೆ ಮುಷ್ಕರ ಹೂಡುತ್ತಿತ್ತು. ಮುಂದೆ ಡೇವಿಡ್ ರಿಟನ್‌ಹೌಸ್ ಎಂಬ ಖಗೋಳವಿಜ್ಞಾನಿ ಅದನ್ನು ತಿದ್ದಿ ಹೊಗೆಗೆ ನೆಟ್ಟಗಿನ ದಾರಿ ಮಾಡಿಕೊಟ್ಟ. ಫ್ರಾಂಕ್ಲಿನ್ ಮಾತ್ರ ವಿಷಯ ಬಿಡಲಿಲ್ಲ. 1785ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ ಫ್ರಾನ್ಸಿನಿಂದ ಮರಳುವಾಗ ಹಡಗಿನಲ್ಲಿ ಕೂತು ಹೊಗೆ ಕಾರುವ ಹೊಗೆಗೂಡುಗಳ ಕಾರಣ, ಪರಿಹಾರ ಕುರಿತು ಉದ್ದನೆಯ ಪತ್ರ ಬರೆದ. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ಕಟ್ಟಿಸಿಕೊಂಡ ಮನೆಗಳವರಿಗೂ ಗೊತ್ತು, ಕೊಳವೆಯ ಮಸಿ ತೆಗೆಯದಿದ್ದರೆ ಒಲೆ ಎಷ್ಟು ಚೆನ್ನಾಗಿದ್ದರೂ ಅಡುಗೆಮನೆ ತುಂಬ ಹೊಗೆಯೇ ಎಂದು.

ಪರೀಕ್ಷೆಗೆ ಗೆಳೆಯನ ಹೆಂಡತಿ ದೇವರ ಮುಂದಿನ ಊದುಬತ್ತಿ ತಂದಳು. ರಿಪೇರಿಗೆ ಮೊದಲೂ ಇದನ್ನೇ ಮಾಡಿದ್ದೆವು. ಆಗ ಹೊಗೆಯೆಳೆ ಗೋಡೆಯ ಸಂದಿಯ ಹತ್ತಿರ ಬರುತ್ತಲೇ ಸೊಂಟ ಮುರಿದು ಒಳಗೆ ಓಡಿತ್ತು. ಆ ಓಟವೇ ರೋಗ: ತಣ್ಣನೆಯ ಗಾಳಿ ಒಳಹೊಕ್ಕು ಹೊಗೆಗೂಡನ್ನು ತಣಿಸಿ, ಸೆಳೆತ ಕುಂದಿಸಿ, ಕ್ರಿಯೊಸೋಟಿನ ಮಳೆ ಹೆಚ್ಚಿಸುತ್ತದೆ. ಈಗ ಎಳೆ ಬಳೆಯ ಅಂಚಿಗೆ ಬಂತು, ಕೊಂಚ ತೊನೆಯಿತು, ನೆಟ್ಟಗೆ ಮೇಲೆ ಹೋಯಿತು. ಮುದುಕ ಬಗ್ಗಿ ನೋಡಿ, ತನ್ನ ಪೆಟ್ಟಿಗೆಯಲ್ಲಿ ಇಂಥದ್ದೊಂದು ಕಡ್ಡಿ ಇರಬೇಕಿತ್ತು ಎಂದ. ಗೆಳೆಯನ ಹೆಂಡತಿ ಇಡೀ ಪೊಟ್ಟಣ ಕೊಟ್ಟುಬಿಟ್ಟಳು.

ಹೊರಡುವಾಗ ಎರಡು ಮಾತು ಹೇಳಿಹೋದ. ವರ್ಷಕ್ಕೊಮ್ಮೆ ಕೊಳವೆ ಬಿಚ್ಚಿ ಗುಡಿಸಬೇಕು. ಹೊಸ ಕೊಳವೆಯ ಕಪ್ಪು ಬಣ್ಣ ಮೊದಲ ಉರಿಗೆ ಬೆಂದು ಗಟ್ಟಿಯಾಗುವಾಗ ಹೊಗೆಯಾಡುತ್ತದೆ, ಕಿಟಕಿ ತೆರೆದಿಡಿ. ಹೊರಗೆ ಹಿಮ ಬೀಳುತ್ತಿತ್ತು. ಮನೆ ಬೆಚ್ಚಗಾಗಲೆಂದು ಒಲೆ ಹೊತ್ತಿಸಿ, ಎಲ್ಲ ಕಿಟಕಿ ತೆರೆದು, ಕೋಟು ಹಾಕಿಕೊಂಡೇ ಕಾಫಿ ಕುಡಿದೆವು.